ಕಬ್ಬಿಣದ ಮರೆವು, ಕರಿಕಲ್ಲಿನ ನೆನಪು

(ಕೊಳ್ಳೇಗಾಲದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಈ ದತ್ತಿ ಇಟ್ಟವರು ಹಳ್ಳಿ ಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ಅವರದು ಎರಡೇ ಷರತ್ತು. ವೇದಿಕೆಯ ಮೇಲೆ ತಮ್ಮ ಹೆಸರೆತ್ತಿ ಹೊಗಳಬಾರದು. ಮಾತಾಡಲು ಬರುವವನು ಬರಿಗೈಯಲ್ಲಿ ಬರಬಾರದು, ತೋರಿಸಲು ಏನಾದರೂ ತರಬೇಕು. ಮೊದಲನೆಯದನ್ನು ಪಾಲಿಸುವುದು ಸುಲಭ. ಎರಡನೆಯದಕ್ಕಾಗಿ ಒಂದು ಚೀಲ ಹೊತ್ತು ತಂದಿದ್ದೇನೆ. ಅದರೊಳಗೆ ಒಂದು ಹಿಡಿ ಮರಳು, ಒಡೆದ ಸ್ಪೀಕರಿನ ಅಯಸ್ಕಾಂತ, ಸುಟ್ಟುಹೋದ ಟಿ.ಸಿ.ಯಿಂದ (ಟ್ರಾನ್ಸ್‌ಫಾರ್ಮರಿನಿಂದ) ಬಿಚ್ಚಿದ ಎರಡು ತಗಡು, ಮಾದಪ್ಪನ, ಅಂದರೆ ಮಲೆ ಮಾದೇಶ್ವರನ, ಹಾಡಿನ ಹಳೆಯ ಕ್ಯಾಸೆಟ್ಟು, ಅಂಗೈಯಗಲದ ಕರಿಕಲ್ಲು, ಒಂದು ದಿಕ್ಸೂಚಿ ಇವೆ. ಇಷ್ಟನ್ನೂ ನೋಡಿದ ಬಸ್ ಕಂಡಕ್ಟರು, "ಗುಜರಿ ವ್ಯಾಪಾರವಾ ಸಾರ್?" ಅಂದರು. ಹೆಚ್ಚುಕಮ್ಮಿ ಹೌದು.

ಮೊದಲು ಮರಳು. ಹೊಸ ಮಳೆ ಬಿದ್ದ ಮಾರನೆಯ ದಿನ ಬಿಳಿಗಿರಿರಂಗನ ಬೆಟ್ಟದ ದಾರಿಯಲ್ಲಾಗಲಿ ಮಾದಪ್ಪನ ಬೆಟ್ಟದ ತಿರುವುಗಳಲ್ಲಾಗಲಿ ಇಳಿದು ನೋಡಿ. ನೀರು ಹರಿದು ಇಂಗಿದ ಕಡೆ, ಯಾರೋ ಕಾಡಿಗೆ ಬೆರಳು ಎಳೆದ ಹಾಗೆ ಮಣ್ಣಿನ ಮೇಲೆ ಕಪ್ಪು ಗೆರೆಗಳಿರುತ್ತವೆ. ಅಯಸ್ಕಾಂತ ತಗೊಂಡು ಆ ಗೆರೆಯ ಮೇಲೆ ಸವರಿದರೆ ಅದಕ್ಕೆ ಗಡ್ಡ ಮೀಸೆ ಬರುತ್ತದೆ. ನಾನು ಹುಡುಗನಾಗಿದ್ದಾಗ ಬರಿ ಅಯಸ್ಕಾಂತವನ್ನೇ ಸವರಿ, ಅಂಟಿಕೊಂಡ ಪುಡಿಯನ್ನು ಬಿಡಿಸಲಾಗದೆ ಅಳುಮೋರೆ ಹಾಕಿಕೊಂಡಿದ್ದೆ. ಕಾಗದ ಸುತ್ತಿ ಸವರಬೇಕು, ಆಮೇಲೆ ಕಾಗದವನ್ನು ಮಾತ್ರ ತೆಗೆಯಬೇಕು ಅಂತ ಹೇಳಿಕೊಟ್ಟವರು ನಮ್ಮೂರಿನ ಸೈಕಲ್ ಶಾಪಿನ ಅಣ್ಣ. ನನ್ನ ಮೊದಲ ಪ್ರಯೋಗಶಾಲೆ ಅದೇ.

ಆ ಕಪ್ಪು ಪುಡಿಯ ಹೆಸರು ಮ್ಯಾಗ್ನೆಟೈಟ್. ಕಬ್ಬಿಣದ ಮೂರು ಪರಮಾಣು, ಆಮ್ಲಜನಕದ ನಾಲ್ಕು ಸೇರಿ ಆದದ್ದು. ಸಾಮಾನ್ಯ ಬಿಳಿ ಮರಳಿಗಿಂತ ಸುಮಾರು ಎರಡರಷ್ಟು ಭಾರ. ಅದಕ್ಕೇ ನೀರು ಬಿಳಿ ಮರಳನ್ನು ಮುಂದಕ್ಕೆ ಒಯ್ದು ಇದನ್ನು ಹಿಂದೆ ಬಿಟ್ಟು ಹೋಗುತ್ತದೆ, ನಮ್ಮ ತಾಯಂದಿರು ಮೊರದಲ್ಲಿ ಕೇರಿದ ಹಾಗೆ. ಇದು ಬಂದದ್ದು ಎಲ್ಲಿಂದ? ಬಿಳಿಗಿರಿ ಬೆಟ್ಟಸಾಲು ಬಹುಮಟ್ಟಿಗೆ ಚಾರ್ನೊಕೈಟ್ ಎಂಬ ಕಲ್ಲಿನದು. ಮುರಿದರೆ ಎಣ್ಣೆ ಸವರಿದ ಹಾಗೆ ಮಂಕು ಹಸಿರುಗಪ್ಪಾಗಿ ಹೊಳೆಯುವ ಕಲ್ಲು. ಕಲ್ಕತ್ತೆಯ ಜಾಬ್ ಚಾರ್ನಾಕ್ ಎಂಬ ಈಸ್ಟ್ ಇಂಡಿಯಾ ಕಂಪನಿ ಅಧಿಕಾರಿಯ ಗೋರಿಕಲ್ಲು ಈ ಜಾತಿಯದ್ದೆಂದು 1893ರಲ್ಲಿ ಥಾಮಸ್ ಹಾಲೆಂಡ್ ಎಂಬ ಭೂವಿಜ್ಞಾನಿ ಗುರುತಿಸಿ ಈ ಹೆಸರಿಟ್ಟ. ಆ ಕಲ್ಲಿನ ಮೈಯೊಳಗೆ ಮ್ಯಾಗ್ನೆಟೈಟ್ ಕಾಳುಗಳು ಹುದುಗಿರುತ್ತವೆ. ಕೊಳ್ಳೇಗಾಲದ ಸುತ್ತ ಮ್ಯಾಗ್ನೆಟೈಟೂ ಬೆಣಚೂ ಪಟ್ಟೆಪಟ್ಟೆಯಾಗಿ ಕೂಡಿರುವ ಕಲ್ಲುಗಳೂ ಇವೆ. ಬಿಸಿಲು ಮಳೆ ಕಲ್ಲನ್ನು ತಿನ್ನುತ್ತವೆ, ಕಾಳು ಉದುರುತ್ತದೆ, ಹಳ್ಳ ಕೇರುತ್ತದೆ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಇಂಥ ಕಪ್ಪು ಮರಳನ್ನು ತೊಳೆದು ಇದ್ದಿಲ ಕುಲುಮೆಯಲ್ಲಿ ಕಬ್ಬಿಣ ಕರಗಿಸುತ್ತಿದ್ದವರನ್ನು ಕಂಡು ವಿವರವಾಗಿ ಬರೆದಿಟ್ಟಿದ್ದಾನೆ. ನೇಗಿಲ ಗುಳವೂ ಕೊಡಲಿಯೂ ಒಂದು ಕಾಲಕ್ಕೆ ಹಳ್ಳದ ಗೆರೆಯಿಂದ ಬಂದವು. ಇದೇ ಖನಿಜವನ್ನು ದೊಡ್ಡ ಪ್ರಮಾಣದಲ್ಲಿ ಅಗೆದದ್ದು ಕುದುರೆಮುಖದಲ್ಲಿ. ಅಲ್ಲಿ ಅದಿರನ್ನು ಪುಡಿಮಾಡಿ, ಅಯಸ್ಕಾಂತದ ಉರುಳೆಗಳಿಂದ ಹೆಕ್ಕಿ, ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. 2005ರ ಕೊನೆಗೆ ಅದು ನಿಂತಿತು, ಕಾಡು ಉಳಿಯಿತು. ನನಗೆ ಅದರಲ್ಲಿ ಬೇಸರವಿಲ್ಲ.

ಮ್ಯಾಗ್ನೆಟೈಟ್ ಎಲ್ಲವೂ ಅಯಸ್ಕಾಂತವಲ್ಲ. ಹೆಚ್ಚಿನದು ಅಯಸ್ಕಾಂತಕ್ಕೆ ಅಂಟುತ್ತದೆ, ತಾನಾಗಿ ಸೆಳೆಯುವುದಿಲ್ಲ. ತಾನೇ ಸೆಳೆಯುವ ಅಪರೂಪದ ತುಂಡಿಗೆ ಕನ್ನಡದಲ್ಲಿ ಸೂಜಿಗಲ್ಲು ಅಂತ ಹೆಸರು. ಅಯಸ್ಕಾಂತ ಸಂಸ್ಕೃತದಿಂದ ಬಂದದ್ದು, ಕಬ್ಬಿಣಕ್ಕೆ ಪ್ರಿಯವಾದದ್ದು ಎಂದರ್ಥ. ನಮ್ಮವರಿಗೆ ಪ್ರೀತಿಗೀತಿ ತೋಚಲಿಲ್ಲ, ಸೂಜಿ ಅಂಟುವುದು ಕಂಡಿತು, ಹಾಗೇ ಕರೆದರು. ನನಗೆ ಈ ಪದವೇ ಇಷ್ಟ. ಸುಶ್ರುತ ಸಂಹಿತೆಯಲ್ಲಿ ಮೈಗೆ ಚುಚ್ಚಿಕೊಂಡ ಬಾಣದ ಮೊನೆಯನ್ನು ಅಯಸ್ಕಾಂತದಿಂದ ಎಳೆದು ತೆಗೆಯುವ ಕ್ರಮವಿದೆ. ಹಾಗಾದರೆ ಸೂಜಿಗಲ್ಲು ಸೂಜಿಗಲ್ಲಾಗುವುದು ಹೇಗೆ? ಈಗಿನ ತಿಳಿವಳಿಕೆಯ ಪ್ರಕಾರ ಇದರ ಹಿಂದೆ ಸಿಡಿಲಿನ ಕೈವಾಡವಿದೆ. ನೆಲದ ಮೇಲೆ ತೆರೆದುಕೊಂಡ ಅದಿರಿಗೆ ಸಿಡಿಲು ಬಡಿದಾಗ ಸಾವಿರಾರು ಆಂಪಿಯರ್ ವಿದ್ಯುತ್ತು ಕ್ಷಣದಲ್ಲಿ ಹರಿದು, ಅದರ ಸುತ್ತ ಎದ್ದ ಕಾಂತಕ್ಷೇತ್ರ ಕಲ್ಲಿನಲ್ಲಿ ನಿಂತುಬಿಡುತ್ತದೆ. ಸಿಡಿಲು ಹೋಯಿತು, ಅದರ ಗುರುತು ಉಳಿಯಿತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಈಗ ಸ್ವಲ್ಪ ಒಳಗೆ ಇಳಿಯೋಣ. ಪರಮಾಣುವಿನೊಳಗಿನ ಪ್ರತಿ ಇಲೆಕ್ಟ್ರಾನೂ ಒಂದು ಪುಟ್ಟ ಅಯಸ್ಕಾಂತ. ಬಹುಪಾಲು ವಸ್ತುಗಳಲ್ಲಿ ಅವು ಜೋಡಿಜೋಡಿಯಾಗಿ, ಒಂದರ ಮುಖ ಮೇಲಕ್ಕೆ ಇನ್ನೊಂದರದು ಕೆಳಕ್ಕೆ ಇದ್ದು, ಲೆಕ್ಕ ಚುಕ್ತಾ ಆಗುತ್ತದೆ. ತಾಮ್ರ, ತವರ ಹೀಗೆ. ಕಂಚಿನ ಕಂಸಾಳೆಗೆ ಅಯಸ್ಕಾಂತ ಹಿಡಿದು ನೋಡಿ, ಕದಲುವುದಿಲ್ಲ. ಕಬ್ಬಿಣ, ಕೋಬಾಲ್ಟ್, ನಿಕ್ಕಲ್‌ಗಳಲ್ಲಿ ಕೆಲವು ಇಲೆಕ್ಟ್ರಾನುಗಳು ಒಂಟಿ. ಅಷ್ಟೇ ಆಗಿದ್ದರೆ ಸಾಲದು. ಪಕ್ಕದ ಪರಮಾಣುವಿನ ಒಂಟಿ ಇಲೆಕ್ಟ್ರಾನೂ ತಾನು ನೋಡುವ ದಿಕ್ಕಿಗೇ ಮುಖ ಮಾಡಬೇಕು ಎಂಬ ಒಂದು ಹಟ ಅವಕ್ಕಿದೆ. ಈ ಹಟಕ್ಕೆ ಕಾರಣ ಕ್ವಾಂಟಮ್ ನಿಯಮಗಳಲ್ಲಿದೆ ಎಂದು ಭೌತವಿಜ್ಞಾನಿ ಹೈಸೆನ್‌ಬರ್ಗ್ ತೋರಿಸಿದ್ದು 1928ರಲ್ಲಿ. ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಮನುಷ್ಯ ಸೂಜಿಗಲ್ಲು ಹಿಡಿದು ಆಡಿದ್ದ. ಅದು ಯಾಕೆ ಸೆಳೆಯುತ್ತದೆ ಎಂದು ಗೊತ್ತಾಗಿ ಇನ್ನೂ ನೂರು ವರ್ಷವಾಗಿಲ್ಲ.

ಎಲ್ಲವೂ ಒಂದೇ ಕಡೆ ಮುಖ ಮಾಡುವ ಹಟ ಇದ್ದ ಮೇಲೆ ನಮ್ಮ ಮನೆಯ ಕುಡುಗೋಲು, ಮಚ್ಚು ಎಲ್ಲ ಅಯಸ್ಕಾಂತಗಳೇ ಆಗಬೇಕಿತ್ತಲ್ಲ, ಯಾಕಿಲ್ಲ? ಶಿವರಾತ್ರಿಯಲ್ಲಿ ಮಾದಪ್ಪನ ಬೆಟ್ಟಕ್ಕೆ ಹೋದವರು ಕಣ್ಣಿಗೆ ತಂದುಕೊಳ್ಳಿ. ಅಲ್ಲೊಂದು ಕಂಸಾಳೆ ಮೇಳ, ಇಲ್ಲೊಂದು. ಪ್ರತಿ ಮೇಳದೊಳಗೆ ಹೆಜ್ಜೆಗೆ ಹೆಜ್ಜೆ, ತಾಳಕ್ಕೆ ತಾಳ ಕೂಡಿದೆ. ಆದರೆ ಒಂದು ಮೇಳದ ತಾಳ ಇನ್ನೊಂದರದಲ್ಲ. ದೂರದ ಗುಡ್ಡದಲ್ಲಿ ನಿಂತು ಕೇಳುವವನಿಗೆ ಎಲ್ಲ ಸೇರಿ ಬರಿ ಗದ್ದಲ. ಕಬ್ಬಿಣದೊಳಗೂ ಇಂಥ ಮೇಳಗಳಿವೆ, ಇಂಗ್ಲಿಷಿನವರು ಡೊಮೇನ್ ಅನ್ನುತ್ತಾರೆ. ಪಿಯರ್ ವೈಸ್ ಎಂಬ ಫ್ರೆಂಚ್ ವಿಜ್ಞಾನಿ 1907ರಲ್ಲಿ ಇದನ್ನು ಊಹಿಸಿದ. ಪ್ರತಿ ಮೇಳದಲ್ಲಿ ಕೋಟ್ಯಂತರ ಪರಮಾಣುಗಳು ಒಂದೇ ದಿಕ್ಕಿಗೆ, ಮೇಳದಿಂದ ಮೇಳಕ್ಕೆ ಬೇರೆ ದಿಕ್ಕು. ಹೊರಗಿನಿಂದ ಒಂದು ಅಯಸ್ಕಾಂತ ತಂದರೆ ತೇರು ಹೊರಟ ಹಾಗೆ. ತೇರಿನ ಕಡೆಗೆ ಮುಖವಿದ್ದ ಮೇಳ ಹಿಗ್ಗುತ್ತದೆ, ಪಕ್ಕದವರನ್ನು ಸೇರಿಸಿಕೊಳ್ಳುತ್ತದೆ, ಬೇರೆ ಮೇಳಗಳು ಕುಗ್ಗುತ್ತವೆ. ಈ ಸರಿದಾಟ ಮೆಲ್ಲಗೆ ಆಗುವುದಿಲ್ಲ, ಮೇಳಗಳ ನಡುವಿನ ಗಡಿ ಎಲ್ಲೋ ಸಿಕ್ಕಿ ನಿಂತು, ಚಟಕ್ಕನೆ ಬಿಟ್ಟು, ಹಾರಿ ಹಾರಿ ಸಾಗುತ್ತದೆ. 1919ರಲ್ಲಿ ಬಾರ್ಕ್‌ಹೌಸನ್ ಎಂಬ ವಿಜ್ಞಾನಿ ಕಬ್ಬಿಣಕ್ಕೆ ತಂತಿ ಸುತ್ತಿ ಸ್ಪೀಕರಿಗೆ ಹಚ್ಚಿ ಆ ಸದ್ದನ್ನೇ ಕೇಳಿಸಿದ, ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ.

ತೇರು ಮನೆ ಸೇರಿದ ಮೇಲೆ ಏನಾಗುತ್ತದೆ ಎನ್ನುವುದರಲ್ಲೇ ಇವತ್ತಿನ ಮಾತಿನ ತಿರುಳಿದೆ. ಮೆದು ಕಬ್ಬಿಣದಲ್ಲಿ ಗಡಿಗಳು ಸಲೀಸಾಗಿ ಹಿಂದೆ ಸರಿದು, ಮೇಳಗಳು ಮೊದಲಿನಂತೆ ತಮ್ಮ ತಮ್ಮ ತಾಳಕ್ಕೆ ಮರಳುತ್ತವೆ. ತೇರು ಬಂದದ್ದನ್ನು ಅದು ಮರೆತೇಬಿಡುತ್ತದೆ. ಇನ್ನು ಕೆಲವು ಮಿಶ್ರಲೋಹಗಳಲ್ಲಿ, ಆಕ್ಸೈಡುಗಳಲ್ಲಿ ಗಡಿಗಳು ಸಿಕ್ಕಿಹಾಕಿಕೊಂಡು ಹಿಂದೆ ಸರಿಯಲಾರವು. ತೇರಿನ ಕಡೆ ಮುಖ ತಿರುಗಿಸಿದವರು ಹಾಗೇ ನಿಂತುಬಿಡುತ್ತಾರೆ. ಅಂಥವು ಕಾಯಂ ಅಯಸ್ಕಾಂತಗಳು. ಕಾಂತವಸ್ತುಗಳ ಬಗ್ಗೆ ನೂರು ಪುಸ್ತಕ ಓದಿದರೂ ಎಂಜಿನಿಯರು ಕೊನೆಗೆ ಕೇಳುವುದು ಒಂದೇ ಪ್ರಶ್ನೆ: ಇದು ಎಷ್ಟು ನೆನಪಿಟ್ಟುಕೊಳ್ಳುತ್ತದೆ, ಎಷ್ಟು ಬೇಗ ಮರೆಯುತ್ತದೆ? ಮರೆಯುವುದಕ್ಕೂ ಒಂದು ಬೆಲೆಯಿದೆ. ಗಡಿಗಳು ಹಿಂದಕ್ಕೆ ಮುಂದಕ್ಕೆ ಉಜ್ಜಿಕೊಂಡು ಸರಿದಾಗ ಶಾಖ ಹುಟ್ಟುತ್ತದೆ. ಈ ಹಿಂದುಳಿಯುವ ಗುಣಕ್ಕೆ ಹಿಸ್ಟರಿಸಿಸ್ ಎಂದು ಹೆಸರು.

ಮರೆವಿನ ಬೆಲೆ ನೋಡಬೇಕಾದರೆ ನಿಮ್ಮ ತೋಟದ ಪಕ್ಕದ ಟಿ.ಸಿ.ಯ ಹತ್ತಿರ ಹೋಗಿ. ಟ್ರಾನ್ಸ್‌ಫಾರ್ಮರ್ ಎಂಬ ಪದ ನಮ್ಮ ಕಡೆ ಯಾರ ಬಾಯಲ್ಲೂ ಇಲ್ಲ. "ಟೀಸಿ ಸುಟ್ಟೋಗದ ಕಣಣ್ಣೋ" ಎಂಬ ಮಾತು ಬೇಸಿಗೆಯಲ್ಲಿ ಎಲ್ಲ ಊರಲ್ಲೂ ಕೇಳುತ್ತದೆ. ಅದರೊಳಗೆ ಎಣ್ಣೆಯಲ್ಲಿ ಮುಳುಗಿರುವುದು ತಗಡುಗಳ ಒಂದು ಕಟ್ಟು, ಅದರ ಸುತ್ತ ತಂತಿಯ ಎರಡು ಸುರುಳಿ. ಒಂದು ಸುರುಳಿಗೆ 11,000 ವೋಲ್ಟ್ ಬರುತ್ತದೆ. ತಗಡಿನೊಳಗಿನ ಮೇಳಗಳು ಸೆಕೆಂಡಿಗೆ 50 ಸಾರಿ ಪೂರ್ತಿ ತಿರುಗಿ ಮೊದಲಿನಂತಾಗುತ್ತವೆ. ಆ ತಿರುಗಾಟವೇ ಇನ್ನೊಂದು ಸುರುಳಿಯಲ್ಲಿ ಪಂಪಿಗೆ ಬೇಕಾದ ವೋಲ್ಟನ್ನು ಎಬ್ಬಿಸುತ್ತದೆ. ಲೈನಿನಲ್ಲಿ ಇಡೀ ದಿನ ಕರೆಂಟಿದ್ದರೆ ದಿನಕ್ಕೆ 43,20,000 ಸಾರಿ. ಪಂಪು ಓಡಲಿ ಬಿಡಲಿ, ಕಬ್ಬಿಣಕ್ಕೆ ಈ ದುಡಿಮೆ ತಪ್ಪದು. ಪ್ರತಿ ಸಾರಿಯೂ ಹಿಂದಿನದನ್ನು ಮರೆಯಬೇಕು. ಮರೆಯಲು ತಿಣುಕಿದಷ್ಟೂ ಶಾಖ, ಶಾಖವಾದಷ್ಟೂ ನಷ್ಟ.

ಅದರ ಗುಂಯ್ ಸದ್ದು ಗಮನಿಸಿದ್ದೀರಾ? ಅದು ತಂತಿಯ ಸದ್ದು ಅಂದುಕೊಂಡವರೇ ಹೆಚ್ಚು. ಅಲ್ಲ, ಕಬ್ಬಿಣದ್ದು. ಕಬ್ಬಿಣವನ್ನು ಕಾಂತಗೊಳಿಸಿದಾಗ ಅದರ ಉದ್ದ ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಬದಲಾಗುತ್ತದೆ. ಮುಖ ಆ ಕಡೆ ಇರಲಿ ಈ ಕಡೆ ಇರಲಿ ಬದಲಾವಣೆ ಒಂದೇ ರೀತಿ, ಹಾಗಾಗಿ ಒಂದು ಸುತ್ತಿಗೆ ಎರಡು ಸಾರಿ. ಸೆಕೆಂಡಿಗೆ 100 ಕಂಪನ. ಸಂಗೀತ ಬಲ್ಲವರು ಯಾರಾದರೂ ಒಂದು ರಾತ್ರಿ ಟಿ.ಸಿ.ಯ ಕೆಳಗೆ ನಿಂತು ಶ್ರುತಿ ಹಿಡಿದು ನೋಡಿ, ನನಗೆ ತಿಳಿಸಿ.

ಇಲ್ಲಿಂದ ಭರಚುಕ್ಕಿ ಜಲಪಾತದತ್ತ ಕೈತೋರಿಸದೆ ಮುಂದೆ ಹೋಗಲಾರೆ. ಭರಚುಕ್ಕಿ ನಮ್ಮ ತಾಲ್ಲೂಕಿನದು, ಗಗನಚುಕ್ಕಿ ಆಚೆ ಮಳವಳ್ಳಿಯದು. ಶಿವನಸಮುದ್ರದ ವಿದ್ಯುತ್ ಕೇಂದ್ರ ಹುಟ್ಟಿದ್ದು ಆಚೆ ದಡದಲ್ಲಿ. ಆಗ ಆಚೆ ಮೈಸೂರು ಸಂಸ್ಥಾನ, ಈಚೆ ಕೊಳ್ಳೇಗಾಲ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯೆರ್ ಹಾಕಿದ ಯೋಜನೆ ಅದು. ಟರ್ಬೈನು ಸ್ವಿಟ್ಜರ್‌ಲೆಂಡಿನ ಎಶರ್ ವಿಸ್ ಕಂಪನಿಯದು, ಜನರೇಟರು ಅಮೆರಿಕದ ಜನರಲ್ ಇಲೆಕ್ಟ್ರಿಕ್ ಕಂಪನಿಯದು, ತಲಾ 720 ಕಿಲೋವ್ಯಾಟಿನವು ಆರು. 1902ರ ಜೂನ್ 30ರಂದು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ 35,000 ವೋಲ್ಟಿನಲ್ಲಿ ವಿದ್ಯುತ್ತು ಹರಿಯಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಮೂರು ವರ್ಷ ಬಿಟ್ಟು, 1905ರಲ್ಲಿ. ಭೋರ್ಗರೆತ ನಮ್ಮ ಕಿವಿಗೆ, ಬೆಳಕು ಬೇರೆ ಊರಿಗೆ.

ಶಿವನಸಮುದ್ರದ ವಿದ್ಯುತ್ತು ಈಗಿನ ಹಾಗೆ 50 ಸೈಕಲ್ಲಿನದಾಗಿರಲಿಲ್ಲ, 25 ಸೈಕಲ್ಲಿನದು. ಅಂದರೆ ಕಬ್ಬಿಣಕ್ಕೆ ಸೆಕೆಂಡಿಗೆ 25 ಸಾರಿ ಮರೆತರೆ ಸಾಕಿತ್ತು. ಆ ಕಾಲದ ಕಬ್ಬಿಣಕ್ಕೆ ಅಷ್ಟೇ ಹೊರೆಯಾಗುತ್ತಿತ್ತು, ಬಿಸಿಗೆ ವಯಸ್ಸಾದ ಹಾಗೆ ವರ್ಷ ಕಳೆದಂತೆ ಅದರ ನಷ್ಟ ಏರುತ್ತಿತ್ತು. ಈ ನಷ್ಟವನ್ನು ಲೆಕ್ಕಕ್ಕೆ ಸಿಗುವಂತೆ ಮಾಡಿದವನು ಚಾರ್ಲ್ಸ್ ಸ್ಟೈನ್‌ಮೆಟ್ಸ್. ಜರ್ಮನಿಯಿಂದ ಓಡಿಬಂದ, ಗೂನುಬೆನ್ನಿನ, ಗಿಡ್ಡ ಮೈಯ ಗಣಿತಜ್ಞ. ಕಬ್ಬಿಣದೊಳಗಿನ ಕಾಂತ ಫ್ಲಕ್ಸ್ ಸಾಂದ್ರತೆಯ 1.6ನೇ ಘಾತಕ್ಕೆ ತಕ್ಕಂತೆ ನಷ್ಟ ಹೆಚ್ಚುತ್ತದೆ ಎಂಬ ಅವನ ಸೂತ್ರ 1892ರದು. ಆಮೇಲೆ ಅವನು ಸೇರಿಕೊಂಡದ್ದು ಅದೇ ಜನರಲ್ ಇಲೆಕ್ಟ್ರಿಕ್ ಕಂಪನಿಯನ್ನು. ಯಂತ್ರ ಕಟ್ಟುವವನು ಅಲ್ಲಿಯತನಕ ಕಟ್ಟಿ, ಸುಟ್ಟು, ಮತ್ತೆ ಕಟ್ಟುತ್ತಿದ್ದ. ಸೂತ್ರ ಬಂದ ಮೇಲೆ ಕಾಗದದ ಮೇಲೇ ಸುಡುವುದನ್ನು ಕಲಿತ.

ಕಬ್ಬಿಣದ ಮರೆವನ್ನು ಚುರುಕುಗೊಳಿಸಿದ್ದು ಶೆಫೀಲ್ಡಿನ ರಾಬರ್ಟ್ ಹ್ಯಾಡ್‌ಫೀಲ್ಡ್. ಕಬ್ಬಿಣಕ್ಕೆ ನೂರಕ್ಕೆ ಮೂರರಷ್ಟು ಸಿಲಿಕಾನ್ ಬೆರೆಸಿದರೆ ಅದು ಕಡಿಮೆ ಶಾಖದಲ್ಲಿ ಮರೆಯುತ್ತದೆ. 1930ರ ದಶಕದಲ್ಲಿ ಗಾಸ್ ಎಂಬಾತ ತಗಡನ್ನು ಲಟ್ಟಿಸುವ ರೀತಿಯಲ್ಲೇ ಹರಳುಗಳೆಲ್ಲ ಒಂದೇ ದಿಕ್ಕಿಗೆ ಮಲಗುವಂತೆ ಮಾಡಿದ. ನಾನು ತಂದಿರುವ ಈ ಎರಡು ತಗಡು ಆ ಜಾತಿಯವು, ಒಂದು ಮಿಲಿಮೀಟರಿನ ಮೂರನೇ ಒಂದು ಪಾಲಿನಷ್ಟು ತೆಳು, ಮೇಲೆ ವಾರ್ನಿಷಿನಂಥ ಲೇಪ. ಒಂದೇ ದಪ್ಪ ಗಟ್ಟಿಯ ಬದಲು ಹೀಗೆ ಹಪ್ಪಳದ ಹಾಗೆ ಒಟ್ಟಿದರೆ ಲೋಹದೊಳಗೆ ಸುಳಿ ವಿದ್ಯುತ್ತು ಸುತ್ತಿ ಸುಡುವುದು ತಪ್ಪುತ್ತದೆ. ಈ ತಗಡಿಗೆ ನಮ್ಮ ದೇಶ ಬಹುಪಾಲು ಹೊರಗಿನವರನ್ನೇ ನಂಬಿಕೊಂಡು ಬಂದಿದೆ. ಅದಿರು ರಾಶಿಬಿದ್ದಿರುವ ನಾಡಿಗೆ ಇದು ಶೋಭೆಯಲ್ಲ. ಅದಿರು ಅಗೆಯುವುದು ಒಂದು ವಿದ್ಯೆ, ಅದಕ್ಕೆ ಮರೆವು ಕಲಿಸುವುದು ಇನ್ನೊಂದು.

ಇನ್ನು ನೆನಪಿನ ಕಡೆಗೆ. ಈ ಕ್ಯಾಸೆಟ್ಟನ್ನು ನೋಡಿ ಮಕ್ಕಳು ನಗುತ್ತಿದ್ದೀರಿ. ನಿಮ್ಮ ಅಪ್ಪಂದಿರನ್ನು ಕೇಳಿ, ಒಂದು ಕಾಲಕ್ಕೆ ಬೆಟ್ಟದ ಅಂಗಡಿಗಳಲ್ಲಿ ವಿಭೂತಿ ಉಂಡೆಯ ಪಕ್ಕ ಇದೇ ಪೇರಿಸಿಟ್ಟಿರುತ್ತಿತ್ತು. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಬಳಿದಿರುವ ಕಂದು ಪುಡಿ ಕಬ್ಬಿಣದ ಆಕ್ಸೈಡು, ತುಕ್ಕಿನ ಸೋದರ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸೂಜಿಯಾಕಾರದ ಕಾಳುಗಳು. ಹಾಡುವವನ ದನಿ ಮೈಕಿನಲ್ಲಿ ವಿದ್ಯುತ್ತಾಗಿ, ರೆಕಾರ್ಡರಿನ ಹೆಡ್ಡಿನಲ್ಲಿ ಕಾಂತಕ್ಷೇತ್ರವಾಗಿ, ಹಾದುಹೋಗುವ ಸೂಜಿಗಳನ್ನು ಮುಖ ತಿರುಗಿಸಿ ನಿಲ್ಲಿಸುತ್ತದೆ. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಸರಿಯುತ್ತದೆ. ಸಂಜೆ ಕೂತು ಬೆಳಗಿನ ಜಾವದವರೆಗೆ ಎಂಟು ಗಂಟೆ ಮಾದಪ್ಪನ ಕಥೆ ನಡೆದರೆ ಸುಮಾರು 1,370 ಮೀಟರ್ ಉದ್ದದ ತುಕ್ಕು ದನಿಯನ್ನು ಹೊರುತ್ತದೆ.

ತಮಾಷೆಗೆ ಹೇಳುತ್ತಿಲ್ಲ. ಕಂಸಾಳೆಯವರಾದ ದೇವರಗುಡ್ಡರು ಬಾಯಿಂದ ಬಾಯಿಗೆ ಸಾಗಿಸಿದ ಮಾದೇಶ್ವರನ ಕಾವ್ಯ ಅಚ್ಚಿನ ಪುಸ್ತಕವಾದದ್ದರಲ್ಲಿ ಟೇಪಿನ ಪಾಲಿದೆ. ಪಿ.ಕೆ. ರಾಜಶೇಖರ ಅವರಂಥ ಜಾನಪದ ವಿದ್ವಾಂಸರು ಈ ಕಾವ್ಯವನ್ನು ಸಂಗ್ರಹಿಸಿದರು. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಪಾಠವನ್ನು ಕೆ. ಕೇಶವನ್ ಪ್ರಸಾದ್ ಸಂಪಾದಿಸಿದರು, ಹಂಪಿ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿತು. ಬರಹಕ್ಕಿಳಿಸುವವನು ಹಾಡುಗಾರನನ್ನು ನಡುವೆ ನಿಲ್ಲಿಸಿ "ಇನ್ನೊಂದು ಸಲ ಹೇಳಪ್ಪ" ಅಂದರೆ ಕಾವ್ಯದ ಓಟ ಮುರಿಯುತ್ತದೆ. ಯಂತ್ರವನ್ನು ಎಷ್ಟು ಸಲ ಬೇಕಾದರೂ ಹಿಂದಕ್ಕೆ ಸುತ್ತಬಹುದು, ಅದಕ್ಕೆ ಬೇಸರವಿಲ್ಲ. ಮನೆಯಲ್ಲಿ ಅಜ್ಜ ಹಾಡಿದ ಕ್ಯಾಸೆಟ್ಟು ಇದ್ದವರಿಗೆ ಒಂದು ಮಾತು. ಕ್ಯಾಸೆಟ್ಟು ಕೆಡುವುದು ಕಾಂತತ್ವ ಕಳೆದುಕೊಂಡು ಅಲ್ಲ. ಪುಡಿಯನ್ನು ಪಟ್ಟಿಗೆ ಹಿಡಿದಿಟ್ಟ ಅಂಟು ತೇವಕ್ಕೆ ಹಾಳಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಕಬ್ಬಿಣದ ನೆನಪು ಗಟ್ಟಿ, ಗೋಂದಿನದು ದುರ್ಬಲ. ಅಟ್ಟದಲ್ಲಿದ್ದರೆ ಈ ವಾರವೇ ಇಳಿಸಿ ಮೊಬೈಲಿಗಾದರೂ ಹಾಕಿಸಿಕೊಳ್ಳಿ.

ಕ್ಯಾಸೆಟ್ಟಿನ ನೆನಪು ನಲವತ್ತೈವತ್ತು ವರ್ಷದ್ದು. ಈಗ ಈ ಕಲ್ಲು. ಚಾಮರಾಜನಗರ ಜಿಲ್ಲೆಯ ಕರಿಕಲ್ಲಿಗೆ ದೇಶಾಂತರದಲ್ಲಿ ಹೆಸರಿದೆ. ಕನ್ನಡಿಯಂತೆ ಹೊಳಪು ಬರುವುದರಿಂದ ಇಂಥ ಕಲ್ಲು ಹೊರದೇಶಗಳಲ್ಲಿ ಸಮಾಧಿಗೂ ಹೋಗುತ್ತದೆ. (ಚಾರ್ನಾಕನ ಗೋರಿಯನ್ನೂ ಸೇರಿಸಿದರೆ, ನಮ್ಮ ಕಡೆಯ ಕಲ್ಲಿನ ಜಾತಿಗೂ ಸಮಾಧಿಗೂ ಏನೋ ಹಳೆಯ ನಂಟು.) ವ್ಯಾಪಾರದಲ್ಲಿ ಇದನ್ನು ಗ್ರಾನೈಟ್ ಅನ್ನುತ್ತಾರೆ, ವಾಸ್ತವದಲ್ಲಿ ಇದು ಡಾಲರೈಟ್. ಹಳೆಯ ಬಂಡೆಯ ಬಿರುಕಿನೊಳಕ್ಕೆ ಆಳದಿಂದ ಕಲ್ಲಿನ ರಸ ನುಗ್ಗಿ, ಗೋಡೆಯ ಹಾಗೆ ನಿಂತು ಆರಿದ್ದು. ಭೂವಿಜ್ಞಾನಿಗಳು ಇದನ್ನು ಡೈಕ್ ಎನ್ನುತ್ತಾರೆ. ಇದರೊಳಗೂ ಮ್ಯಾಗ್ನೆಟೈಟ್ ಕಾಳುಗಳಿವೆ.

ಮ್ಯಾಗ್ನೆಟೈಟಿಗೆ ಸುಮಾರು 580 ಡಿಗ್ರಿ ಸೆಲ್ಸಿಯಸ್ ಒಂದು ಗಡಿ. ಅದಕ್ಕಿಂತ ಬಿಸಿಯಾದರೆ ಶಾಖದ ಕುಣಿತದ ಮುಂದೆ ಇಲೆಕ್ಟ್ರಾನುಗಳ ಹಟ ನಡೆಯುವುದಿಲ್ಲ, ಕಾಂತತ್ವ ಮಾಯವಾಗುತ್ತದೆ. ಕಬ್ಬಿಣಕ್ಕೆ ಈ ಗಡಿ 770. ಪಿಯರ್ ಕ್ಯೂರಿ 1895ರಲ್ಲಿ ಇದನ್ನು ಅಭ್ಯಾಸ ಮಾಡಿದ್ದರಿಂದ ಕ್ಯೂರಿ ಬಿಂದು ಎಂದೇ ಹೆಸರು. ಕಲ್ಲಿನ ರಸ ಆರುತ್ತ ಈ ಗಡಿಯನ್ನು ಇಳಿದ ಹೊತ್ತಿನಲ್ಲಿ ಭೂಮಿಯ ಕಾಂತಕ್ಷೇತ್ರ ಯಾವ ದಿಕ್ಕಿಗಿತ್ತೋ ಆ ದಿಕ್ಕಿಗೆ ಮುಖ ಮಾಡಿ ಕಾಳುಗಳು ಗಟ್ಟಿಯಾಗುತ್ತವೆ. ಆಮೇಲೆ ಖಂಡ ಸರಿಯಲಿ, ಸಮುದ್ರ ತೆರೆಯಲಿ, ಅವು ಹಾಗೇ.

ಪಿ.ಯು.ಸಿ. ಮಕ್ಕಳಿಗೆ ಇಲ್ಲೊಂದು ಸಣ್ಣ ಲೆಕ್ಕ. ಭೂಮಿಯ ಕಾಂತ ಸಮಭಾಜಕ ಈಗ ಭಾರತದ ತೆಂಕಣ ತುದಿಯಲ್ಲಿ, ತಿರುನಲ್ವೇಲಿಯ ಆಸುಪಾಸಿನಲ್ಲಿ ಹಾಯುತ್ತದೆ. ಹಾಗಾಗಿ ಕೊಳ್ಳೇಗಾಲದಲ್ಲಿ ಅಯಸ್ಕಾಂತದ ಸೂಜಿಯನ್ನು ಮೇಲೆ ಕೆಳಗೆ ಆಡುವಂತೆ ತೂಗುಹಾಕಿದರೆ ಅದು ಹೆಚ್ಚುಕಮ್ಮಿ ಅಡ್ಡಲಾಗಿ ಮಲಗುತ್ತದೆ. ಲಂಡನ್ನಿನಲ್ಲಿ ಸುಮಾರು 66 ಡಿಗ್ರಿ ಕೆಳಕ್ಕೆ ಬಾಗುತ್ತದೆ, ಕಾಂತ ಧ್ರುವದಲ್ಲಿ ನೆಟ್ಟಗೆ ನಿಲ್ಲುತ್ತದೆ. ಬಾಗಿದ ಕೋನದ ಟ್ಯಾನ್ ಬೆಲೆ ಕಾಂತ ಅಕ್ಷಾಂಶದ ಟ್ಯಾನ್ ಬೆಲೆಯ ಎರಡರಷ್ಟು. ಕಲ್ಲಿನೊಳಗಿನ ಕಾಳುಗಳು ಎಷ್ಟು ಬಾಗಿವೆ ಎಂದು ಅಳೆದರೆ ಕಲ್ಲು ಹುಟ್ಟಿದಾಗ ಯಾವ ಅಕ್ಷಾಂಶದಲ್ಲಿತ್ತು ಎಂದು ಗೊತ್ತಾಗುತ್ತದೆ. ಬೆಂಗಳೂರಿನಿಂದ ತೆಂಕಣಕ್ಕೆ ಹರಡಿರುವ ಡೈಕುಗಳ ಒಂದು ದೊಡ್ಡ ಗುಂಪಿನ ವಯಸ್ಸು ಸುಮಾರು 237 ಕೋಟಿ ವರ್ಷ. ಅವುಗಳಲ್ಲಿ ಕಾಳುಗಳು ಮಲಗಿಲ್ಲ, ಬಹುಮಟ್ಟಿಗೆ ನೆಟ್ಟಗೆ ನಿಂತಿವೆ. ಅಂದರೆ ಮೈಸೂರು ಸೀಮೆಯ ಈ ನೆಲ ಅಂದು ಧ್ರುವದ ಕಡೆ ಎಲ್ಲೋ ಇತ್ತು. ಹುರುಳಿ ಬೆಳೆಯುವ ನಮ್ಮ ನೆಲದ ಪೂರ್ವಾಶ್ರಮ ಅದು!

ಈ ಅಳತೆ ಸಲೀಸಲ್ಲ. ಕೊರೆದ ಬೆರಳುಗಾತ್ರದ ತುಂಡನ್ನು ಬಂಡೆಯಿಂದ ಬಿಡಿಸುವ ಮೊದಲೇ ಅದರ ಮೇಲೆ ಉತ್ತರ ಯಾವುದು, ಮೇಲೆ ಯಾವುದು ಎಂದು ಗುರುತು ಹಾಕಬೇಕು. ಪ್ರಯೋಗಶಾಲೆಯಲ್ಲಿ ಹಂತಹಂತವಾಗಿ ಕಾಯಿಸಿ, ಆಮೇಲಿನ ಕಾಲದಲ್ಲಿ ಹತ್ತಿಕೊಂಡ ಹೊಸ ನೆನಪುಗಳನ್ನು ತೊಳೆದು, ಮೂಲದ್ದನ್ನು ಮಾತ್ರ ಉಳಿಸಬೇಕು. ಇಲ್ಲಿ ಮೋಸ ಮಾಡುವುದು ಸಿಡಿಲು. ಗುಡ್ಡದ ನೆತ್ತಿಯ ಬಂಡೆಗಳಿಗೆ ಸಿಡಿಲು ಬಡಿದಿದ್ದರೆ ಹಳೆಯ ಬರಹದ ಮೇಲೆ ಹೊಸದನ್ನು ಗೀಚಿದ ಹಾಗೆ ಆಗಿರುತ್ತದೆ, ಪಕ್ಕದಲ್ಲಿಟ್ಟ ದಿಕ್ಸೂಚಿಯೂ ದಾರಿ ತಪ್ಪುತ್ತದೆ. ಸೂಜಿಗಲ್ಲನ್ನು ಹುಟ್ಟಿಸುವ ಸಿಡಿಲೇ ಕಲ್ಲಿನ ಚರಿತ್ರೆಯನ್ನು ಅಳಿಸುತ್ತದೆ. ಇಂಥ ಅಭ್ಯಾಸದಿಂದಲೇ ಭೂಮಿಯ ಉತ್ತರ ದಕ್ಷಿಣ ಕಾಂತ ಧ್ರುವಗಳು ಅನೇಕ ಸಾರಿ ಅದಲುಬದಲಾಗಿರುವುದೂ ತಿಳಿಯಿತು. ಕೊನೆಯ ಸಾರಿ ಆದದ್ದು ಸುಮಾರು 7,80,000 ವರ್ಷದ ಹಿಂದೆ.

ಉತ್ತರದ ಮಾತು ಬಂದಾಗ ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: ಉತ್ತರಕ್ಕೆ ತಲೆ ಹಾಕಿ ಮಲಗಬಾರದು ಅನ್ನುವುದು ಅಯಸ್ಕಾಂತದಿಂದಲ್ಲವೇ? ಹಿರಿಯರ ಮಾತು ಪಾಲಿಸುವವರು ಪಾಲಿಸಿ, ಅಯಸ್ಕಾಂತದ ಮೇಲೆ ಮಾತ್ರ ಹೊರಿಸಬೇಡಿ. ನಮ್ಮಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೊಟೆಸ್ಲಾ. ಎಂ.ಆರ್.ಐ. ಯಂತ್ರದಲ್ಲಿ ಸಾಮಾನ್ಯವಾಗಿ 1.5 ಟೆಸ್ಲಾ, ಅಂದರೆ 37,000 ಪಟ್ಟಿಗೂ ಹೆಚ್ಚು. ಅದರೊಳಗೆ ಅರ್ಧ ಗಂಟೆ ಮಲಗಿ ಎದ್ದುಬಂದವರು ನಮ್ಮ ನಡುವೆಯೇ ಎಷ್ಟೋ ಜನ. ರಕ್ತದಲ್ಲಿ ಕಬ್ಬಿಣವಿದೆ, ನಿಜ. ಆದರೆ ಅದು ಕುಡುಗೋಲಿನ ಕಬ್ಬಿಣದ ಹಾಗೆ ಮೇಳ ಕಟ್ಟಿಕೊಂಡಿಲ್ಲ, ಬಿಡಿಬಿಡಿ. ಆಮ್ಲಜನಕ ತುಂಬಿದ ರಕ್ತವನ್ನು ಅಯಸ್ಕಾಂತ ಒಂದು ಚೂರು ದೂರ ತಳ್ಳುತ್ತದೆಯೇ ಹೊರತು ಸೆಳೆಯುವುದಿಲ್ಲ, 1936ರಲ್ಲಿ ಪಾಲಿಂಗ್ ಮತ್ತು ಕೊರಿಯೆಲ್ ಎಂಬ ರಸಾಯನವಿಜ್ಞಾನಿಗಳು ಅಳೆದು ತೋರಿಸಿದ್ದಾರೆ. ಹಾಗಾಗಿ ಊರೂರಿಗೆ ಬಂದು ಅಯಸ್ಕಾಂತದ ಹಾಸಿಗೆ, ಬಳೆ ಮಾರುವವರು ಹೇಳುವುದು ವಿಜ್ಞಾನವಲ್ಲ, ವ್ಯಾಪಾರ. ನಾನೂ ಒಮ್ಮೆ ಮೊಣಕಾಲು ನೋವಿಗೆ ಅಂಥ ಪಟ್ಟಿಯೊಂದನ್ನು ಕೊಂಡೆ. ಫಿಸಿಕ್ಸ್ ಓದಿದ್ದು ಉಪಯೋಗಕ್ಕೆ ಬಂದದ್ದು ದುಡ್ಡು ಕೊಟ್ಟ ಮೇಲೆ. ಆ ಪಟ್ಟಿಯ ಅಯಸ್ಕಾಂತಗಳು ಈಗ ಅಡುಗೆಮನೆಯ ಗೋಡೆಯಲ್ಲಿ ಚಾಕು ಹಿಡಿದುಕೊಂಡಿವೆ.

ಎಂ.ಆರ್.ಐ.ಗೆ ಹೋಗುವ ಹೆಂಗಸರು ತಾಳಿ ಯಾಕೆ ತೆಗೆಯಬೇಕು ಎಂದು ಕೇಳುತ್ತಾರೆ. ಚಿನ್ನವನ್ನು ಅದು ಸೆಳೆಯುವುದಿಲ್ಲ, ಬಿಸಿಯಾಗಬಹುದು, ಚಿತ್ರ ಕೆಡಬಹುದು. ನಿಜವಾದ ಅಪಾಯ ಸೀರೆಯ ಪಿನ್ನಿನದು, ಕೋಣೆಗೆ ತಳ್ಳಿಕೊಂಡು ಬರುವ ಆಕ್ಸಿಜನ್ ಸಿಲಿಂಡರಿನದು. ಆ ಅಯಸ್ಕಾಂತ ಕಬ್ಬಿಣದ್ದಲ್ಲ, ದ್ರವ ಹೀಲಿಯಮ್ಮಿನಲ್ಲಿ ಮೈನಸ್ 269 ಡಿಗ್ರಿಗೆ ತಣಿಸಿದ ತಂತಿ ಸುರುಳಿ. ಸ್ವಿಚ್ ಆರಿಸಿದರೂ ಅದು ಆರುವುದಿಲ್ಲ.

ದೊಡ್ಡ ಯಂತ್ರದಿಂದ ಹಟ್ಟಿಗೆ ಬರೋಣ. ಹಸು ನಾಲಿಗೆಯಲ್ಲಿ ಎಳೆದು ನುಂಗುತ್ತದೆ, ಹುಲ್ಲಿನಲ್ಲಿ ಮೊಳೆ ತಂತಿ ಇದ್ದರೂ ಗೊತ್ತಾಗುವುದಿಲ್ಲ. ಅದು ಎರಡನೇ ಹೊಟ್ಟೆಯಲ್ಲಿ ಕೂರುತ್ತದೆ. ಆ ಹೊಟ್ಟೆಗೂ ಹೃದಯಕ್ಕೂ ನಡುವೆ ತೆಳುವಾದ ಪೊರೆಯಷ್ಟೇ ಅಡ್ಡ. ಮೊಳೆ ಚುಚ್ಚಿಕೊಂಡು ಹೋದರೆ ಹಸು ಮೇವು ಬಿಟ್ಟು, ಬೆನ್ನು ಬಾಗಿಸಿ ನಿಲ್ಲುತ್ತದೆ. ಇದಕ್ಕೆ ಪಶುವೈದ್ಯರ ಬಳಿ ಬೆರಳುದ್ದದ ನುಣ್ಣನೆಯ ಅಯಸ್ಕಾಂತವಿದೆ. ಬಾಯಿಂದ ಒಳಗೆ ಬಿಟ್ಟರೆ ಅದೇ ಹೊಟ್ಟೆಯಲ್ಲಿ ನೆಲೆಯಾಗಿ, ಬಂದ ಮೊಳೆಗಳನ್ನೆಲ್ಲ ಮೈಗಂಟಿಸಿಕೊಂಡು ಜೀವಮಾನವಿಡೀ ಇರುತ್ತದೆ. ಹಾಲು ಕೊಡುವ ಜೀವವನ್ನು ಉಳಿಸಲು ಇಷ್ಟು ಅಗ್ಗದ ಉಪಾಯವನ್ನು ನಾನು ಬೇರೆ ಕಂಡಿಲ್ಲ. ಹಿಟ್ಟಿನ ಗಿರಣಿಯ ಬಾಯಿಯಲ್ಲಿ, ಕಬ್ಬು ಅರೆಯುವ ಗಾಣಕ್ಕೆ ಹೋಗುವ ದಾರಿಯಲ್ಲಿ ಅಯಸ್ಕಾಂತ ಕಟ್ಟುವುದೂ ಇದಕ್ಕೇ.

ಟಿವಿಎಸ್ ಗಾಡಿ ಸ್ಟಾರ್ಟ್ ಆಗದಿದ್ದರೆ ಮೆಕ್ಯಾನಿಕ್ಕು "ಮ್ಯಾಗ್ನೆಟ್ ವೀಕಾಗದ" ಅನ್ನುತ್ತಾರೆ. ಒದೆ, ಬಿಸಿ ಎರಡೂ ಅಯಸ್ಕಾಂತದ ಶತ್ರುಗಳು, ಸಿಕ್ಕಿಹಾಕಿಕೊಂಡ ಗಡಿಗಳನ್ನು ಸಡಿಲಿಸುತ್ತವೆ. ಸ್ಪೀಕರಿನಲ್ಲಿರುವ ಕಪ್ಪು ಬಳೆ ಫೆರೈಟ್, ಕಬ್ಬಿಣದ ಆಕ್ಸೈಡಿಗೆ ಬೇರಿಯಮ್ಮೋ ಸ್ಟ್ರಾಂಶಿಯಮ್ಮೋ ಬೆರೆಸಿ ಮಡಕೆಯ ಹಾಗೆ ಸುಟ್ಟದ್ದು. ಹಳೆಯ ಫ್ಯಾನು ಸುಮಾರು 75 ವ್ಯಾಟ್ ತಿನ್ನುವ ಕಡೆ ಈಗಿನ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸಿನಲ್ಲಿ ತಿರುಗುವುದು ಇಂಥ ಕಾಯಂ ಅಯಸ್ಕಾಂತ ಒಳಗಿರುವುದರಿಂದ. ಎಲ್ಲಕ್ಕಿಂತ ಬಲವಾದದ್ದು ನಿಯೋಡಿಮಿಯಮ್, ಕಬ್ಬಿಣ, ಬೋರಾನ್ ಸೇರಿದ್ದು. 1983ರ ಸುಮಾರಿಗೆ ಜಪಾನಿನ ಸಗಾವ, ಅಮೆರಿಕದ ಕ್ರೋಟ್ ಬೇರೆ ಬೇರೆಯಾಗಿ ಕಂಡುಹಿಡಿದರು. ಎಲೆಕ್ಟ್ರಿಕ್ ಸ್ಕೂಟರಿನ ಮೋಟಾರಿನಲ್ಲಿರುವುದು ಇದು. ಬಿಸಿ ತಡೆಯಲು ಅದಕ್ಕೆ ಡಿಸ್‌ಪ್ರೋಸಿಯಮ್ ಬೆರೆಸುತ್ತಾರೆ. 2025ರ ಏಪ್ರಿಲಿನಲ್ಲಿ ಚೀನಾ ಡಿಸ್‌ಪ್ರೋಸಿಯಮ್ಮಿನಂಥ ಕೆಲವು ವಿರಳ ಭೂಧಾತುಗಳಿಗೂ ಅವುಗಳಿಂದಾದ ಅಯಸ್ಕಾಂತಗಳಿಗೂ ರಫ್ತು ಪರವಾನಗಿ ಕಡ್ಡಾಯ ಮಾಡಿದಾಗ ನಮ್ಮ ವಾಹನ ಕಾರ್ಖಾನೆಗಳು ತಡಬಡಾಯಿಸಿದವು. ಕೇರಳದ ಚವರದ ಕಡಲ ಮರಳಿನಲ್ಲಿ ಈ ಧಾತುಗಳ ಮೂಲವಾದ ಮೊನಜೈಟ್ ಇದೆ. ಇದ್ದರಾಯಿತೇ? ಮರಳಿನಿಂದ ಅಯಸ್ಕಾಂತದವರೆಗಿನ ದಾರಿಯನ್ನು ಬೇರೆಯವರು ಮೂವತ್ತು ವರ್ಷ ನಡೆದು ಸವೆಸಿದ್ದಾರೆ. ನಾವು ಈಗ ಚಪ್ಪಲಿ ಹಾಕಿಕೊಳ್ಳುತ್ತಿದ್ದೇವೆ.

ನನ್ನ ಹೊತ್ತು ಮುಗಿಯಿತೆಂದು ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಚೀಲದಲ್ಲಿದ್ದದ್ದನ್ನೆಲ್ಲ ಈ ಮೇಜಿನ ಮೇಲೆ ಹರಡುತ್ತೇನೆ, ಮಕ್ಕಳು ಒಬ್ಬೊಬ್ಬರಾಗಿ ಬನ್ನಿ. ಕಾಗದ ಸುತ್ತಿದ ಅಯಸ್ಕಾಂತವನ್ನು ಮರಳಿನ ಮೇಲೆ ಸವರಿ. ದಿಕ್ಸೂಚಿಯ ಪಕ್ಕ ಕರಿಕಲ್ಲನ್ನು ಮೆಲ್ಲಗೆ ತಿರುಗಿಸಿ, ಸೂಜಿ ಒಂದು ಕೂದಲಷ್ಟು ಅಲುಗುತ್ತದೆಯೋ ನೋಡಿ. ಮೊಬೈಲನ್ನು ಮಾತ್ರ ದೂರ ಇಡಿ, ಅದರ ಸ್ಪೀಕರಿನಲ್ಲೂ ಒಂದು ಅಯಸ್ಕಾಂತವಿದೆ. ಕಲ್ಲು ಅಲುಗಿಸಿತೋ ಫೋನು ಅಲುಗಿಸಿತೋ ಅಂತ ಆಮೇಲೆ ಜಗಳ ಬೇಡ.